ಲೆಕ್ಕ ಬಾರದವರು ಯಾರು?



ನಾನು ಸದಸ್ಯನಾಗಿರುವ ಒಂದು ಪ್ರೌಢಶಾಲೆಯ ಆಡಳಿತ ಮಂಡಳಿಯ ಸಭೆಯಲ್ಲಿ ನಡೆದ ಸಂಗತಿಯೊಂದನ್ನು ಮೊದಲು ನಿಮ್ಮ ಮುಂದಿಡುತ್ತೇನೆ. ಶಾಲೆಯ ಹೆಸರು ಇಲ್ಲಿ ಅನಗತ್ಯ. ಇಂಥ ಸಭೆಗಳು ನಡೆಯದ ಊರು ನಮ್ಮ ನಾಡಿನಲ್ಲಿ ವಿರಳ. ಮುಖ್ಯೋಪಾಧ್ಯಾಯರು ಒಂದು ಪಟ್ಟಿಯನ್ನು ಮಂಡಿಸಿದರು. ಒಂಬತ್ತನೆಯ ತರಗತಿಯ ಹನ್ನೊಂದು ಮಕ್ಕಳ ಹೆಸರು ಅದರಲ್ಲಿದ್ದವು. ಇವರೆಲ್ಲ ಗಣಿತ, ವಿಜ್ಞಾನಗಳಲ್ಲಿ ತೀರ ಹಿಂದುಳಿದವರೆಂದೂ, ಇವರು ನಮ್ಮ ಶಾಲೆಯಿಂದಲೇ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತರೆ ಸಂಸ್ಥೆಯ ಫಲಿತಾಂಶ ಇಳಿಯುವುದೆಂದೂ, ಆದ್ದರಿಂದ ಪೋಷಕರನ್ನು ಕರೆಸಿ ವರ್ಗಾವಣೆ ಪತ್ರ ಪಡೆದುಕೊಳ್ಳುವಂತೆ ಮನವೊಲಿಸಬೇಕೆಂದೂ ಅವರು ಸೂಚಿಸಿದರು. ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕಲಾಗದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದೆ. ಒಂಬತ್ತನೆಯ ತರಗತಿಗೆ ಆ ರಕ್ಷಣೆಯಿಲ್ಲ. ಈ ವ್ಯತ್ಯಾಸ ಸಭೆಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಚರ್ಚೆ ಹತ್ತು ನಿಮಿಷ ನಡೆಯಿತು, ಚಹಾ ಬಂದಿತು, ಎಲ್ಲರೂ ರುಜು ಹಾಕಿದೆವು. ನಾನೂ ಹಾಕಿದೆ.

ಮರುವಾರ ಪೋಷಕರು ಬಂದರು. ಅವರಲ್ಲಿ ಒಬ್ಬಾಕೆ, ಸಂತೆಗಳಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಮಾರುವವಳು, ಎಲ್ಲವನ್ನೂ ಕೇಳಿಕೊಂಡು ಒಂದೇ ಮಾತು ಕೇಳಿದಳು: "ಸಂತಿ ಲೆಕ್ಕ ಎಲ್ಲಾ ನನ್ನ ಮಗಾನ ನೋಡ್ತಾನ್ರಿ. ಒಂದು ರೂಪಾಯಿ ಹೆಚ್ಚು ಕಮ್ಮಿ ಆಗಂಗಿಲ್ಲ. ಶಾಲ್ಯಾಗ ಬಂದರ ಲೆಕ್ಕದಾಗ ದಡ್ಡ ಹೆಂಗ ಆದಾನ್ರಿ?"

ಇಬ್ಬರು ಪದವೀಧರ ಶಿಕ್ಷಕರು, ಒಬ್ಬ ವಕೀಲರು, ಒಬ್ಬ ನಿವೃತ್ತ ಇಂಜಿನಿಯರರು ಮತ್ತು ನಾನು ಆ ಕೋಣೆಯಲ್ಲಿದ್ದೆವು. ಉತ್ತರ ಯಾರ ಬಾಯಿಂದಲೂ ಹೊರಡಲಿಲ್ಲ. ಅಂದು ನನಗೆ ತಿಳಿಯದಿದ್ದುದನ್ನು ಆಮೇಲೆ ಓದಿ ತಿಳಿದುಕೊಂಡೆ. ಆ ತಾಯಿಯ ಪ್ರಶ್ನೆ ಹೊಸದಲ್ಲ. ಅದಕ್ಕೆ ಉತ್ತರವೂ ಇಲ್ಲದೆ ಇಲ್ಲ. ಲೋಕದ ವಿದ್ವಾಂಸರು ನಲವತ್ತು ವರ್ಷಗಳಿಂದ ಅದನ್ನೇ ಶೋಧಿಸುತ್ತ ಬಂದಿದ್ದಾರೆ. ಆ ಶೋಧನೆ ನಮ್ಮ ಆಡಳಿತ ಮಂಡಳಿಗಳ ಬಾಗಿಲವರೆಗೂ ಬಂದಿಲ್ಲ. ಬಂದಿದ್ದರೂ ನಾವು ಬಾಗಿಲು ತೆರೆದಿಲ್ಲ. ಇದೇ ನನ್ನ ದೂರು.

ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಟೆರೆಜಿನ್ಯಾ ಕ್ಯಾರಹರ್, ಡೇವಿಡ್ ಕ್ಯಾರಹರ್, ಅನಲೂಸಿಯಾ ಶ್ಲೀಮನ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಬೀದಿಯಲ್ಲಿ ವ್ಯಾಪಾರ ಮಾಡುವ ಐವರು ಮಕ್ಕಳ ಲೆಕ್ಕವನ್ನು ಪರಿಶೀಲಿಸಿ 1985ರಲ್ಲಿ ಪ್ರಕಟಿಸಿದರು. ಗಿರಾಕಿಗಳಂತೆ ಹೋಗಿ ಬೆಲೆ ಕೇಳಿದಾಗ ಆ ಮಕ್ಕಳು ನೂರಕ್ಕೆ 98ರಷ್ಟು ಸರಿಯುತ್ತರ ಹೇಳಿದರು. ಬಳಿಕ ಅದೇ ಮಕ್ಕಳನ್ನು ಕೂರಿಸಿ, ಅವೇ ಸಂಖ್ಯೆಗಳನ್ನು ಶಾಲೆಯ ಲೆಕ್ಕದ ರೂಪದಲ್ಲಿ, ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿಯುತ್ತರಗಳು ನೂರಕ್ಕೆ 37ಕ್ಕೆ ಇಳಿದವು. ತೆಂಗಿನಕಾಯಿ ಮಾರುವ ಹನ್ನೆರಡರ ಬಾಲಕನಿಗೆ, ಒಂದಕ್ಕೆ 35ರಂತೆ ಹತ್ತು ಕಾಯಿಗಳ ಬೆಲೆ ಎಷ್ಟೆಂದು ಕೇಳಿದರು. ಹತ್ತರಿಂದ ಗುಣಿಸಲು ಮುಂದೆ ಒಂದು ಸೊನ್ನೆ ಹಾಕಬೇಕೆಂಬ ಶಾಲೆಯ ಸೂತ್ರ ಅವನಿಗೆ ನೆನಪಾಗಲಿಲ್ಲ. ಮೂರು ಕಾಯಿಗೆ 105, ಇನ್ನು ಮೂರು ಸೇರಿದರೆ 210, ಇನ್ನೂ ನಾಲ್ಕು ಬೇಕು, 315, 350 ಎಂದು ಅವನು ಕಟ್ಟಿಕೊಂಡು ಹೋದ. ಓದುಗರೆ, ಇದು ದಡ್ಡತನವೇ? ಸಂಖ್ಯೆಯನ್ನು ಒಡೆದು, ಮತ್ತೆ ಕೂಡಿಸಿ, ಎಲ್ಲಿಗೆ ಬಂದೆ, ಇನ್ನೆಷ್ಟು ಉಳಿಯಿತು ಎಂಬುದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಈ ಕ್ರಮವೇ ಗಣಿತ.

ಬ್ರೆಜಿಲ್ ದೂರದ ದೇಶವೆನ್ನುವವರು ಹತ್ತಿರದ ಕಲ್ಕತ್ತೆಗೂ ದೆಹಲಿಗೂ ಬರಲಿ. ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಆ ಎರಡು ನಗರಗಳ ಮಾರುಕಟ್ಟೆಗಳಲ್ಲಿ ದುಡಿಯುವ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದಿದ್ದಾರೆ. ಮಾರುಕಟ್ಟೆಯ ಮಕ್ಕಳು ವ್ಯಾಪಾರದ ಲೆಕ್ಕವನ್ನು ಕಾಗದವಿಲ್ಲದೆ ಬಿಡಿಸಿದರು. ಶಾಲೆಯ ಲೆಕ್ಕದಲ್ಲಿ ಸೋತರು. ಇದಕ್ಕಿಂತ ಬೆಚ್ಚಿಬೀಳಿಸುವುದು ಅದರ ಮತ್ತೊಂದು ಮುಖ. ವ್ಯಾಪಾರದ ಅನುಭವವಿಲ್ಲದ ಶಾಲಾ ಮಕ್ಕಳಿಗೆ ಮಾರುಕಟ್ಟೆಯ ಲೆಕ್ಕವೊಂದನ್ನು ಕೊಟ್ಟಾಗ, ದುಡಿಯುವ ಮಕ್ಕಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಬಿಡಿಸಿದ ಆ ಲೆಕ್ಕವನ್ನು ಶಾಲಾ ಮಕ್ಕಳಲ್ಲಿ ನೂರಕ್ಕೆ ಒಬ್ಬರು ಮಾತ್ರ ಬಿಡಿಸಿದರು. ಅಂದರೆ ನಾವು ದಡ್ಡನೆಂದು ಹೊರಗೆ ಕಳುಹಿಸುವ ಮಗುವಿಗೂ, ಜಾಣನೆಂದು ಪ್ರಥಮ ಬಹುಮಾನ ಕೊಡುವ ಮಗುವಿಗೂ ಅನ್ಯಾಯ ಮಾಡಿದ್ದೇವೆ. ಒಬ್ಬನಿಗೆ ತಿಳಿವಿದೆ, ಬರಹದ ದಾರಿಯಿಲ್ಲ. ಇನ್ನೊಬ್ಬನಿಗೆ ಬರಹದ ದಾರಿಯಿದೆ, ಅದು ಎಲ್ಲಿಗೆ ಹೋಗುತ್ತದೆಂಬುದೇ ತಿಳಿಯದು. ಇವೆರಡರ ನಡುವೆ ಸೇತುವೆ ಕಟ್ಟುವುದಕ್ಕಾಗಿಯೇ ಶಾಲೆಯಿರುವುದು.

ಮಗುವಿನ ತಪ್ಪುತ್ತರವನ್ನು ನಾವು ಹೇಗೆ ಕಾಣುತ್ತೇವೆ? ಕೆಂಪು ಶಾಯಿಯ ಒಂದು ಗೀಟಿಗೆ ಅದರ ಕಥೆ ಮುಗಿಯುತ್ತದೆ. 52ರಲ್ಲಿ 28 ಕಳೆದರೆ 36 ಎಂದು ಬರೆದ ಮಗುವನ್ನು ಪಕ್ಕಕ್ಕೆ ಕರೆದು, 'ಹೇಗೆ ಮಾಡಿದೆ, ಹೇಳು ಮಗು' ಎಂದು ಕೇಳಿದವರೆಷ್ಟು ಮಂದಿ? ಕೇಳಿದ್ದರೆ ಅದು ಹೇಳುತ್ತಿತ್ತು: ಎರಡರಲ್ಲಿ ಎಂಟು ಹೋಗುವುದಿಲ್ಲ, ಆದ್ದರಿಂದ ಎಂಟರಲ್ಲಿ ಎರಡು ಕಳೆದೆ, ಆರು; ಐದರಲ್ಲಿ ಎರಡು ಕಳೆದೆ, ಮೂರು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂದು ನಾವೇ ಕಲಿಸಿದ ಮಾತನ್ನು ಅದು ಶ್ರದ್ಧೆಯಿಂದ ಪಾಲಿಸಿದೆ! ಬ್ರೌನ್ ಮತ್ತು ಬರ್ಟನ್ ಎಂಬ ಅಮೆರಿಕದ ಸಂಶೋಧಕರು ಮಕ್ಕಳ ಕಳೆಯುವ ಲೆಕ್ಕಗಳನ್ನು ರಾಶಿ ಹಾಕಿ ವಿಶ್ಲೇಷಿಸಿ, ಇಂಥ ತಪ್ಪುಗಳಲ್ಲಿ ಅನೇಕವು ಅಜಾಗ್ರತೆಯ ಫಲವಲ್ಲವೆಂದೂ, ಮಗು ತನ್ನದೇ ಒಂದು ತಪ್ಪು ನಿಯಮವನ್ನು ಕ್ರಮವಾಗಿ ಅನುಸರಿಸುತ್ತದೆಂದೂ 1978ರಲ್ಲಿಯೇ ತೋರಿಸಿಕೊಟ್ಟರು. 0.5ಕ್ಕಿಂತ 0.25 ದೊಡ್ಡದೆನ್ನುವ ಮಗುವಿನ ಸ್ಥಿತಿಯೂ ಇದೇ. ಐದಕ್ಕಿಂತ ಇಪ್ಪತ್ತೈದು ದೊಡ್ಡದಲ್ಲವೇ? ಅಂಥ ಮಗುವಿಗೆ ಅದೇ ಬಗೆಯ ಇನ್ನೂರು ಲೆಕ್ಕಗಳನ್ನು ಮನೆಗೆಲಸವಾಗಿ ಕೊಟ್ಟರೆ ಅದು ಇನ್ನೂರು ಸಲ ತಪ್ಪನ್ನೇ ಅಭ್ಯಾಸ ಮಾಡುತ್ತದೆ. ಹೀಗೆ ಅಭ್ಯಾಸ ಮಾಡಿಸಿ ಕೊನೆಗೆ ಹಣೆಬರಹವನ್ನು ದೂರುವುದು ನಮ್ಮ ರೂಢಿ.

ವಿಜ್ಞಾನದ ಪಾಡು ಇದಕ್ಕಿಂತ ಮೇಲಲ್ಲ. ಬೇಸಗೆ ಏಕೆ ಬರುತ್ತದೆಂದು ಹತ್ತನೆಯ ತರಗತಿಯ ವಿದ್ಯಾರ್ಥಿಯನ್ನು ಕೇಳಿರಿ. ಪರೀಕ್ಷೆಯಲ್ಲಾದರೆ ಭೂಮಿಯ ಅಕ್ಷದ ಓರೆಯನ್ನು ಕುರಿತು ನಾಲ್ಕು ಸಾಲು ಬರೆದು ಅಂಕ ಗಿಟ್ಟಿಸುತ್ತಾನೆ. ಅಂಗಳದಲ್ಲಿ ನಿಂತು ಕೇಳಿದರೆ, ಆಗ ಭೂಮಿ ಸೂರ್ಯನಿಗೆ ಹತ್ತಿರವಿರುತ್ತದೆ ಎಂದುಬಿಡುತ್ತಾನೆ. ಭೂಮಿ ಸೂರ್ಯನಿಗೆ ಅತ್ಯಂತ ಸಮೀಪವಾಗುವುದು ಜನವರಿಯ ಮೊದಲ ವಾರದಲ್ಲಿ, ನಾವು ಕಂಬಳಿ ಹೊದೆದು ಮಲಗುವ ದಿನಗಳಲ್ಲಿ. ಪುಸ್ತಕದ ಉತ್ತರ ಒಂದು ಗೂಡಿನಲ್ಲಿ, ತನ್ನ ನಂಬಿಕೆ ಇನ್ನೊಂದು ಗೂಡಿನಲ್ಲಿ. ಎರಡೂ ಒಂದನ್ನೊಂದು ಮುಟ್ಟದೆ ಆಯುಷ್ಯವಿಡೀ ಇರಬಲ್ಲವು. (ಈ ಪ್ರಶ್ನೆಯನ್ನು ಆಡಳಿತ ಮಂಡಳಿಯ ಸಭೆಯಲ್ಲಿಯೂ ಕೇಳಿ ನೋಡಬಹುದು.)

ಇನ್ನು ಪಾಠಪಟ್ಟಿಯನ್ನು 'ಮುಗಿಸುವ' ವಿಷಯ. 2024ರ ಅಸರ್ ವರದಿಯಂತೆ, ಭಾರತದ ಗ್ರಾಮಗಳಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ನೂರಕ್ಕೆ ಸುಮಾರು 31 ಮಾತ್ರ. ದೆಹಲಿಯ ಮಕ್ಕಳನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಆರನೆಯ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿರುತ್ತದೆ. ಒಂಬತ್ತಕ್ಕೆ ಬರುವಷ್ಟರಲ್ಲಿ ಈ ಅಂತರ ನಾಲ್ಕೂವರೆ ತರಗತಿಗೆ ಬೆಳೆಯುತ್ತದೆ. ಗಾಡಿ ತಪ್ಪಿಸಿಕೊಂಡ ಪ್ರಯಾಣಿಕನಿಗೆ ಮುಂದಿನ ನಿಲ್ದಾಣಗಳ ಹೆಸರನ್ನು ಕೂಗಿ ಹೇಳಿದಂತೆ, ಭಾಗಾಕಾರ ತಿಳಿಯದವನಿಗೆ ನಾವು ಬೀಜಗಣಿತ ಬೋಧಿಸುತ್ತೇವೆ.

ಪರಿಹಾರವಿಲ್ಲವೇ? ಇದೆ, ಪರೀಕ್ಷಿಸಿಯೂ ನೋಡಲಾಗಿದೆ. ಈ ಶತಮಾನದ ಆರಂಭದಲ್ಲಿ ಮುಂಬಯಿ ಮತ್ತು ವಡೋದರಾ ನಗರಗಳಲ್ಲಿ 'ಪ್ರಥಮ್' ಸಂಸ್ಥೆ ಅದೇ ಬೀದಿಗಳ ತರುಣಿಯರನ್ನು ಅಲ್ಪ ವೇತನಕ್ಕೆ ನೇಮಿಸಿ, ಮೂರು ನಾಲ್ಕನೆಯ ತರಗತಿಗಳಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ದಿನಕ್ಕೆ ಎರಡು ಗಂಟೆ, ಅವರು ಎಲ್ಲಿ ನಿಂತಿದ್ದರೋ ಅಲ್ಲಿಂದಲೇ ಪಾಠ ಹೇಳಿಸಿತು. ಮಕ್ಕಳು ಮುಂದೆ ಬಂದರೆಂದು 2007ರಲ್ಲಿ ಪ್ರಕಟವಾದ ಫಲಿತಾಂಶಗಳು ಹೇಳುತ್ತವೆ. ಅತಿ ಹಿಂದಿದ್ದವರಿಗೇ ಅತಿ ಹೆಚ್ಚು ಪ್ರಯೋಜನವಾಯಿತು. ಆ ಪಾಠ ನಿಂತ ಒಂದು ವರ್ಷದ ಮೇಲೆ ಗಳಿಕೆಯ ಬಹುಪಾಲು ಕರಗಿತೆಂಬುದನ್ನೂ ಅದೇ ವರದಿ ಮುಚ್ಚುಮರೆಯಿಲ್ಲದೆ ಹೇಳಿದೆ. ಆದ್ದರಿಂದ ಇದು ಒಂದು ಬೇಸಗೆಯ ಶಿಬಿರದಲ್ಲಿ ತೀರಿಸಿ ಕೈತೊಳೆದುಕೊಳ್ಳುವ ಕೆಲಸವಲ್ಲ.

ನನ್ನ ಮಿತ್ರರೊಬ್ಬರು ಇದನ್ನು ಕೇಳಿ, 'ನಮ್ಮ ಕಾಲದಲ್ಲಿ ಬೆತ್ತ ಮತ್ತು ಮಗ್ಗಿ, ಇವೆರಡರಿಂದಲೇ ಲೆಕ್ಕ ಬರುತ್ತಿತ್ತು' ಎಂದರು. ಮಗ್ಗಿಯನ್ನು ಬಾಯಿಪಾಠ ಮಾಡಬಾರದೆನ್ನುವವರ ಪಕ್ಷದವನು ನಾನಲ್ಲ. ಇಪ್ಪತ್ತರ ಮಗ್ಗಿ ನಾಲಗೆಯ ಮೇಲಿದ್ದರೆ ಬುದ್ಧಿಗೆ ಬಿಡುವು ದೊರೆಯುತ್ತದೆ. ಆದರೆ ಬೆತ್ತದ ಕಾಲದಲ್ಲಿ ಎಷ್ಟು ಮಂದಿ ಶಾಲೆಯ ಹಿತ್ತಿಲಿನಿಂದ ಹೊಲಕ್ಕೆ ಓಡಿದರೆಂಬ ಲೆಕ್ಕವನ್ನು ಆ ಮಿತ್ರರು ಇಟ್ಟಿಲ್ಲ. ಉಳಿದವರು ನೆನಪಿನಲ್ಲಿದ್ದಾರೆ, ಹೋದವರು ಇಲ್ಲ. ಇನ್ನು ಕೆಲವರು ಗೋಡೆಗೆ ಸ್ಮಾರ್ಟ್ ಬೋರ್ಡು ತಗುಲಿಸಿದರೆ ಎಲ್ಲವೂ ಸರಿಹೋಯಿತೆನ್ನುವವರು. ದೆಹಲಿಯ ಆ ಅಧ್ಯಯನದಲ್ಲಿ ಗಣಕಯಂತ್ರದಿಂದಲೇ ಮಕ್ಕಳು ಕಲಿತದ್ದು ನಿಜ. ಆದರೆ ಆ ತಂತ್ರಾಂಶ ಪ್ರತಿಯೊಂದು ಮಗುವಿನ ಮಟ್ಟವನ್ನು ಅಳೆದು ಅಲ್ಲಿಂದ ಪಾಠ ಆರಂಭಿಸುತ್ತಿತ್ತು. ನಮ್ಮ ಗೋಡೆಯ ಬೋರ್ಡು ಮಾಡುವುದು ಅದೇ ಪಾಠಪಟ್ಟಿಯನ್ನು ಬಣ್ಣದಲ್ಲಿ ಮುಗಿಸುವ ಕೆಲಸ.

ಫಲಿತಾಂಶವೆಂಬ ದೇವತೆಯ ನಿಜಸ್ವರೂಪವನ್ನು ನಾವು ಈಚೆಗೆ ಕಂಡಿದ್ದೇವೆ. ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ 2023ರಲ್ಲಿ ನೂರಕ್ಕೆ 83.89 ಮಂದಿ ತೇರ್ಗಡೆಯಾದರು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ನೇರ ನಿಗಾ ವಹಿಸಿದೊಡನೆ ಅದು 73.40ಕ್ಕೆ ಕುಸಿಯಿತು, ಅದೂ ಕೃಪಾಂಕವನ್ನು ಹಿಂದಿನದಕ್ಕಿಂತ ಹೆಚ್ಚಿಸಿದ ಮೇಲೆ. ಈ ಅಂಕಿಯ ಹೆಚ್ಚಳಕ್ಕಾಗಿ ನಾವು ಹನ್ನೊಂದು ಮಕ್ಕಳನ್ನು ಹೊರಗಿಡಲು ರುಜು ಹಾಕಿದೆವು.

ಬೇರೊಂದು ದಾರಿಯನ್ನು ನಮ್ಮ ದೇಶವೇ ತುಳಿದು ನೋಡಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ, ಈಗ ನರ್ಮದಾಪುರಂ ಎನ್ನುತ್ತಾರೆ, 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸಂಸ್ಥೆಗಳು ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನ ಬೋಧನೆಯ ಹೊಸ ಪ್ರಯೋಗವೊಂದನ್ನು ಆರಂಭಿಸಿದವು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಮತ್ತು ದೆಹಲಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಹಳ್ಳಿಯ ಮೇಷ್ಟರುಗಳ ಜೊತೆ ಕುಳಿತು ಪಾಠಗಳನ್ನು ಕಟ್ಟಿದರು. ರೈತರ ಮಕ್ಕಳು ಗುಂಪುಗುಂಪಾಗಿ ಕೈಯಾರೆ ಪ್ರಯೋಗ ಮಾಡಿದರು, ಹೊಲ ಹಳ್ಳಗಳಿಗೆ ಹೋಗಿ ಕಂಡದ್ದನ್ನು ತಾವೇ ಬರೆದಿಟ್ಟರು. ಪರೀಕ್ಷೆಗೆ ಪುಸ್ತಕವನ್ನು ತೆರೆದಿಟ್ಟುಕೊಂಡೇ ಕೂರಬಹುದಾಗಿತ್ತು, ಏಕೆಂದರೆ ಪುಸ್ತಕದಿಂದ ನಕಲು ಮಾಡಿ ಉತ್ತರಿಸಬಹುದಾದ ಪ್ರಶ್ನೆಯೇ ಅಲ್ಲಿ ಇರುತ್ತಿರಲಿಲ್ಲ. ಸವಾಲಿರಾಮ್ ಎಂಬ ಕಲ್ಪಿತ ವ್ಯಕ್ತಿಗೆ ಮಕ್ಕಳು ತಮ್ಮ ಪ್ರಶ್ನೆಗಳನ್ನು ಕಾಗದ ಬರೆದು ಕೇಳುತ್ತಿದ್ದರು, ಉತ್ತರವೂ ಬರುತ್ತಿತ್ತು. 1978ರಲ್ಲಿ ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೆ ಇದು ಹರಡಿತು, 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದಕ್ಕೆ ಕೊಂಡೊಯ್ದಿತು. ಮೂವತ್ತು ವರ್ಷ ನಡೆದ ಇದನ್ನು 2002ರಲ್ಲಿ ರಾಜ್ಯ ಸರಕಾರ ನಿಲ್ಲಿಸಿತು. ದೇಶದ ಹಿರಿಯ ವಿಜ್ಞಾನಿಗಳು, ಶಿಕ್ಷಣತಜ್ಞರು ಪ್ರತಿಭಟಿಸಿದರೂ ಪ್ರಯೋಜನವಾಗಲಿಲ್ಲ. ಪ್ರಶ್ನೆ ಕೇಳುವ ಮಗುವನ್ನು ಬೆಳೆಸಲು ಮೂವತ್ತು ವರ್ಷ ಬೇಕಾಯಿತು. ನಿಲ್ಲಿಸಲು ಒಂದು ಆದೇಶ ಸಾಕಾಯಿತು.

ಈ ಪತ್ರಿಕೆಯ ಓದುಗರಲ್ಲಿ ಪ್ರಸಾದನಿಲಯಗಳಲ್ಲಿ ಉಂಡು ಓದಿದವರು ಅನೇಕರಿದ್ದಾರೆ. ಅಂಕಪಟ್ಟಿ ನೋಡಿ ಅನ್ನ ಬಡಿಸಿದ್ದರೆ ನಮ್ಮಲ್ಲಿ ಎಷ್ಟು ಮಂದಿಯ ಎಲೆ ಖಾಲಿ ಉಳಿಯುತ್ತಿತ್ತು? ಇಂದು ನೀವು ಅಲ್ಲಲ್ಲಿ ಶಾಲೆಗಳ ಮಂಡಳಿಗಳಲ್ಲಿ ಕುಳಿತಿದ್ದೀರಿ. ನಿಮ್ಮನ್ನೇ ಉದ್ದೇಶಿಸಿ ಹೇಳುತ್ತಿದ್ದೇನೆ: ಗಣಿತದ ಮೇಷ್ಟರನ್ನು 'ಈ ಸಲ ಶೇಕಡಾ ಎಷ್ಟು?' ಎಂದು ಕೇಳುವುದನ್ನು ಬಿಟ್ಟು, 'ಯಾವ ಮಗು ಎಲ್ಲಿ ನಿಂತಿದೆ?' ಎಂದು ಕೇಳಿರಿ. ವಾರಕ್ಕೆ ನಾಲ್ಕು ಅವಧಿಗಳನ್ನು ಪಾಠಪಟ್ಟಿಯ ಹಂಗಿಲ್ಲದೆ ಅವರಿಗೆ ಬಿಟ್ಟುಕೊಡಿರಿ. ಉತ್ತರಪತ್ರಿಕೆಯಲ್ಲಿ ಅಂಕದ ಬದಲು ಎರಡು ಸಾಲು ಮಾತು ಬರೆಯಲು ಸಮಯ ಕೊಡಿರಿ. ಇಸ್ರೇಲಿನಲ್ಲಿ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬರಿಯ ಟಿಪ್ಪಣಿ ಪಡೆದ ಮಕ್ಕಳು ಮುಂದೆ ಬಂದರು. ಅಂಕ ಪಡೆದವರು ಬರಲಿಲ್ಲ; ಅಂಕ ಟಿಪ್ಪಣಿ ಎರಡನ್ನೂ ಪಡೆದವರೂ ಬರಲಿಲ್ಲ, ಅಂಕವನ್ನು ಕಂಡ ಕಣ್ಣು ಟಿಪ್ಪಣಿಯ ಕಡೆಗೆ ತಿರುಗದೇನೋ. ಇವಾವುದಕ್ಕೂ ಹೊಸ ಕಟ್ಟಡ ಬೇಡ, ದೇಣಿಗೆ ಬೇಡ. ಒಂದೆರಡು ವರ್ಷ ಫಲಿತಾಂಶದ ಫಲಕದಲ್ಲಿ ನಮ್ಮ ಶಾಲೆಯ ಹೆಸರು ಕೆಳಗಿಳಿದೀತು. ಅಷ್ಟನ್ನು ಸಹಿಸುವ ಎದೆಗಾರಿಕೆ ಬೇಕು.

ಉಳ್ಳಾಗಡ್ಡಿ ಮಾರುವಾಕೆಯ ಮಗ ಆ ವರ್ಷವೇ ವರ್ಗಾವಣೆ ಪತ್ರ ಪಡೆದು ಹೋದ. ಬೇರೆ ಯಾವ ಶಾಲೆಗೂ ಸೇರಲಿಲ್ಲವೆಂದು ಕೇಳಿದ್ದೇನೆ. ಉಳಿದ ಹತ್ತು ಮಂದಿಯಲ್ಲಿ ಎಷ್ಟು ಜನ ಓದು ಮುಂದುವರಿಸಿದರೆಂಬ ದಾಖಲೆ ನಮ್ಮ ಕಚೇರಿಯಲ್ಲಿಲ್ಲ. ಆ ಹನ್ನೊಂದು ಮಂದಿಯನ್ನೂ ಹುಡುಕಿ ಮರಳಿ ಕರೆತರಬೇಕೆಂದೂ, ಇನ್ನು ಮುಂದೆ ಇಂಥ ಪಟ್ಟಿಯನ್ನು ಸಭೆಯಲ್ಲಿ ಮಂಡಿಸಕೂಡದೆಂದೂ ಠರಾವು ಬರೆದು ಅಧ್ಯಕ್ಷರಿಗೆ ಕಳುಹಿಸಿದ್ದೇನೆ. ಮುಂದಿನ ಸಭೆಯ ಕಾರ್ಯಸೂಚಿ ಕೈಸೇರಿತು. ಅದರಲ್ಲಿ ನಾಲ್ಕನೆಯ ವಿಷಯವಾಗಿ ಸ್ಮಾರ್ಟ್ ಬೋರ್ಡಿನ ಖರೀದಿಯಿದೆ. ನನ್ನ ಠರಾವು ಇಲ್ಲ.