ಬಾಲ್ಕನಿಯ ದಾರದ ಬುಟ್ಟಿ ಇಳಿಸೋಣ

ಕಳೆದ ವರ್ಷ ಯುಗಾದಿಯ ಹೊತ್ತಿಗೆ ನಮ್ಮ ಮಹಿಳಾ ಬಳಗದ ಸಭೆಯಲ್ಲಿ ನಾನೊಂದು ಸಲಹೆ ಕೊಟ್ಟಿದ್ದೆ. ಹೊಲಿಗೆ, ಹೆಣಿಗೆ ಮಾಡುವಾಗ ಉಳಿಯುವ ದಾರದ ತುಂಡುಗಳನ್ನು ಕಸಕ್ಕೆ ಹಾಕಬೇಡಿ, ಬುಟ್ಟಿಯಲ್ಲಿ ತುಂಬಿ ಬಾಲ್ಕನಿಯಲ್ಲಿಡಿ, ಹಕ್ಕಿಗಳು ಗೂಡು ಕಟ್ಟಲು ಒಯ್ಯುತ್ತವೆ ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಲವರು ಅದೇ ವಾರ ಬುಟ್ಟಿ ತೂಗುಹಾಕಿದರು. ಆ ಸಲಹೆ ತಪ್ಪು. ಅದನ್ನು ವಾಪಸು ಪಡೆಯಲೆಂದೇ ಈ ನಾಲ್ಕು ಮಾತು.

ದ್ವಾರಕಾದಲ್ಲಿ ನಮ್ಮದು ಮೂರನೆಯ ಮಹಡಿಯ ಮನೆ. ಎದುರಿಗೊಂದು ಬೇವಿನ ಮರ. ಮಕ್ಕಳು ಶಾಲೆಗೆ, ಯಜಮಾನರು ಆಫೀಸಿಗೆ ಹೊರಟ ಮೇಲೆ ಬಾಲ್ಕನಿಯೇ ನನ್ನ ಕಾರ್ಖಾನೆ. ಕ್ರೋಶಾ ತೋರಣ, ಉಲ್ಲನ್ ಟೋಪಿ, ಧಾರವಾಡದ ಗೆಳತಿ ಹೇಳಿಕೊಟ್ಟ ಕಸೂತಿ ಎಲ್ಲವೂ ಅಲ್ಲೇ. ಗವಂತಿ, ಮುರ್ಗಿ ಕೈಗೆ ಹತ್ತಿವೆ, ಮೆಂತಿ ಇನ್ನೂ ಸತಾಯಿಸುತ್ತಿದೆ. ಚಳಿಗಾಲದಲ್ಲಿ ಪಕ್ಕದ ಮನೆಯ ಪಂಜಾಬಿ ಅಜ್ಜಿ (ನಮಗೆಲ್ಲ ಅವರು ಬೀಜಿ) ತಾರಸಿಯ ಬಿಸಿಲಿಗೆ ಕರೆಯುತ್ತಾರೆ. ಅವರ ಕೈಯಲ್ಲಿ ಹೆಣಿಗೆ ಕಡ್ಡಿಗಳು ಓಡುವ ವೇಗಕ್ಕೆ ನಾವು ದಕ್ಷಿಣದವರು ಸಾಟಿಯಲ್ಲ ಬಿಡಿ.

ಬಾಲ್ಕನಿಗೆ ಬರುವ ಅತಿಥಿಗಳೂ ಕಡಿಮೆಯಿಲ್ಲ. ಗಿಳಿ, ಮೈನಾ, ಬೇಡವೆಂದರೂ ಬರುವ ಪಾರಿವಾಳ. ಊರಿನ ಅಳಿಲಿಗೆ ಬೆನ್ನ ಮೇಲೆ ಮೂರು ಗೆರೆ, ಇಲ್ಲಿಯದಕ್ಕೆ ಐದು, ಬೇಕಾದರೆ ಎಣಿಸಿ ನೋಡಿ. ಒಮ್ಮೆ ಕೋತಿಯೊಂದು ಕೆಂಪು ಉಲ್ಲನ್ ಉಂಡೆಯನ್ನೇ ಹೊತ್ತೊಯ್ದು ಬೇವಿನ ಮರಕ್ಕೆಲ್ಲ ಸುತ್ತಿಬಿಟ್ಟಿತು. ಬೀಜಿ ಮತ್ತು ನಾನು ಹೊಟ್ಟೆ ಹಿಡಿದು ನಕ್ಕೆವು. ಅದನ್ನು ಬಿಡಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಜೂನ್‌ನಲ್ಲಿ ಒಂದು ಬೆಳಿಗ್ಗೆ ಮೈನಾಗಳ ಚೀರಾಟ ಕೇಳಿ ಹೊರಗೆ ಬಂದೆ. ಎ.ಸಿ. ಪೈಪಿಗೆಂದು ಗೋಡೆ ಕೊರೆದ ತೂತಿನಲ್ಲಿ ಅವು ಗೂಡು ಮಾಡಿದ್ದವು. ರೆಕ್ಕೆ ಬಲಿತ ಮರಿಯೊಂದು ಹೊರಗೆ ಹಾರಲು ಹೋಗಿ ತಲೆಕೆಳಗಾಗಿ ನೇತಾಡುತ್ತಿತ್ತು. ಕಾಲಿಗೆ ನೀಲಿ ಎಳೆ ಸುತ್ತಿಕೊಂಡಿತ್ತು. ಮಗನ ಟೋಪಿಗೆ ತಂದ ನೀಲಿ ಅದು, ಗುರುತು ಹಿಡಿಯಲು ನನಗೆ ಕಷ್ಟವಾಗಲಿಲ್ಲ. ವಾಚ್‌ಮನ್ ಏಣಿ ತಂದ, ಮಗ ಕತ್ತರಿಯಿಂದ ಬಿಡಿಸಿದ. ಎಳೆ ಚರ್ಮದೊಳಗೆ ಹೂತು ಕಾಲು ಕಪ್ಪಾಗಿತ್ತು. ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಆಸ್ಪತ್ರೆಗೆ ಹೊರಡುವಷ್ಟರಲ್ಲಿ ಮರಿ ಸತ್ತುಹೋಯಿತು.

ಆಮೇಲೆ ಯೋಚಿಸಿದರೆ ಕಾರಣ ಸರಳವೇ. ಉಲ್ಲನ್ ಎಂದು ನಾವು ಕೊಳ್ಳುವುದರಲ್ಲಿ ಬಹುಪಾಲು ಅಕ್ರಿಲಿಕ್. ಅದು ಎಳೆದರೆ ಸುಲಭವಾಗಿ ಹರಿಯದು, ಮಳೆಗೆ ಕೊಳೆಯದು. ಮರಿಯ ಕಾಲು ಬೆಳೆಯುತ್ತದೆ, ಕುಣಿಕೆ ಬೆಳೆಯುವುದಿಲ್ಲ. ನಮ್ಮ ಸಿಂಪಿಗ ಹಕ್ಕಿಯನ್ನೇ ನೋಡಿ, ಹೆಸರೇ ಹೇಳುವಂತೆ ಹೊಲಿಗೆಯವ. ಎಲೆ ಹೊಲಿಯಲು ಅದು ಹುಡುಕುವುದು ಜೇಡನ ಎಳೆ, ಗಿಡದ ಹತ್ತಿ. ಜೇಡನ ಎಳೆ ಹಿಗ್ಗುತ್ತದೆ, ಅಷ್ಟು ಹತ್ತಿ ಎಳೆದರೆ ಬಿಟ್ಟುಕೊಳ್ಳುತ್ತದೆ.

ಇದನ್ನು ಹೇಳಿದಾಗ ಧಾರವಾಡದ ಗೆಳತಿ ರೇಗಿದಳು. "ಏನವಾ, ಹಾಕ್ರಿ ಅಂದಾಕೀನೂ ನೀನ, ಈಗ ತಗೀರಿ ಅನ್ನಾಕೀನೂ ನೀನ!" ಮಾತು ನಿಜ. ಸಣ್ಣದಾಗಿ ಕತ್ತರಿಸಿಟ್ಟರೆ ಆಗದೇ ಎಂದು ಕೆಲವರು ಕೇಳಿದ್ದಾರೆ. ಮರಿಯ ಕಾಲಿಗೆ ಸುತ್ತಿಕೊಳ್ಳಲು ನಾಲ್ಕು ಇಂಚು ಧಾರಾಳ ಸಾಕು. ಅದಕ್ಕಿಂತ ಗಿಡ್ಡವಾದದ್ದನ್ನು ಕತ್ತರಿಸುತ್ತ ಕೂರುವ ಬದಲು ಇಡದಿರುವುದೇ ವಾಸಿ.

ಆಗಸ್ಟ್ 15 ಬಂತೆಂದರೆ ಗಾಳಿಪಟದ ಹುಡುಗರನ್ನು ನಾವು ಬೈಯುತ್ತೇವೆ. ಬೈಯಬೇಕಾದ್ದೇ. ನೈಲಾನ್ ಮತ್ತು ಗಾಜಿನ ಪುಡಿ ಸವರಿದ ಮಾಂಜಾವನ್ನು ದೆಹಲಿ ಸರ್ಕಾರ 2017ರಲ್ಲೇ ನಿಷೇಧಿಸಿದರೂ ಹದ್ದುಗಳ ರೆಕ್ಕೆ ಕತ್ತರಿಸುವುದು ನಿಂತಿಲ್ಲ. ವಜೀರಾಬಾದಿನ ನದೀಮ್ ಮತ್ತು ಸೌದ್ ಸಹೋದರರು ಅಂಥ ಹದ್ದುಗಳನ್ನು ಉಪಚರಿಸುವ ಕಥೆಯೇ 2022ರ 'ಆಲ್ ದಟ್ ಬ್ರೀದ್ಸ್' ಸಾಕ್ಷ್ಯಚಿತ್ರ. ಆದರೆ ಬೀದಿಯ ಮಾಂಜಾ ಕಂಡ ನಮಗೆ ನಮ್ಮ ಹೊಲಿಗೆ ಡಬ್ಬಿ ಕಾಣಲಿಲ್ಲ. ಗಾಯಗೊಂಡ ಹಕ್ಕಿ ಸಿಕ್ಕರೆ ಕೆಂಪುಕೋಟೆಯ ಎದುರು ಜೈನ ಲಾಲ್ ಮಂದಿರದಲ್ಲಿ ಧರ್ಮಾರ್ಥ ಪಕ್ಷಿ ಆಸ್ಪತ್ರೆಯಿದೆ ಎಂಬುದು ಓದುಗರ ನೆನಪಿನಲ್ಲಿರಲಿ.

ದಾರದ ತುಂಡಿಗೆ ಮನೆಯಲ್ಲೇ ಕೆಲಸವಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆಯ ಚೂರನ್ನೂ ಬಿಸಾಡದೆ ಕೌದಿ ಹೊಲಿಯುತ್ತಾರಲ್ಲ, ಹಾಗೆ. ನಾನೀಗ ಎಲ್ಲವನ್ನೂ ಸೂಜಿ ಚುಚ್ಚುವ ಪುಟ್ಟ ದಿಂಬಿಗೆ, ಬಟ್ಟೆ ಗೊಂಬೆಗೆ ತುಂಬುತ್ತೇನೆ. ಹಕ್ಕಿಗೆ ಏನಾದರೂ ಇಡಲೇಬೇಕೆನ್ನುವವರು ಕುಂಡದಲ್ಲಿ ಒಣಹುಲ್ಲು, ಸಣ್ಣ ಕಡ್ಡಿ ಬಿಡಿ, ಮಡಕೆಯಲ್ಲಿ ನೀರಿಡಿ. ಗೂಡು ಕಟ್ಟುವ ಕಾಲ ಫೆಬ್ರವರಿ ಕೊನೆಗೇ ಶುರುವಾಗುತ್ತದೆ, ಅಷ್ಟರೊಳಗೆ ಬುಟ್ಟಿಗಳು ಕೆಳಗಿಳಿಯಲಿ.

ಬೇವು ಎಲೆ ಉದುರಿಸಿದಾಗ ಕೋತಿ ಸುತ್ತಿದ್ದ ಕೆಂಪು ಉಲ್ಲನ್ ಮತ್ತೆ ಕಾಣಿಸಿತು. ಮಾಲಿಯನ್ನು ಕರೆದು, ಬೀಜಿ ಕೆಳಗೆ ನಿಂತು ಏಣಿ ಹಿಡಿದು, ಕೈಗೆ ಸಿಕ್ಕಷ್ಟನ್ನು ಬಿಡಿಸಿದೆವು. ತುದಿ ಕೊಂಬೆಯ ಮೇಲಿನದು ಎಟುಕಲಿಲ್ಲ, ಇನ್ನೂ ಅಲ್ಲೇ ಇದೆ. ಉದ್ದನೆಯ ದೋಟಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ.