ಹಳೆಯ ಲ್ಯಾಂಬೋರ್ಗಿನಿ, ಹೊಸ ಸಾಲ

ದುಬೈಯ ಅಲ್ ಅವೀರ್‌ನಲ್ಲಿ ಬಳಸಿದ ಕಾರುಗಳ ದೊಡ್ಡದೊಂದು ಮಾರುಕಟ್ಟೆಯಿದೆ. ಟೊಯೋಟ, ನಿಸ್ಸಾನ್‌ಗಳ ಉದ್ದುದ್ದ ಸಾಲುಗಳ ನಡುವೆ ಅಲ್ಲಲ್ಲಿ ನೆಲಕ್ಕೆ ಅಂಟಿಕೊಂಡಂತೆ ಕುಳಿತಿರುವ, ಬಟ್ಟೆಯ ಛಾವಣಿಯ ಇಟಾಲಿಯನ್ ಕಾರುಗಳೂ ಇಂಥ ಕಡೆ ಕಣ್ಣಿಗೆ ಬೀಳುತ್ತವೆ. ಹೊಸದಾಗಿದ್ದಾಗ ಕೋಟ್ಯಧೀಶರಿಗಷ್ಟೇ ಎಟುಕುತ್ತಿದ್ದ ಇವುಗಳಲ್ಲಿ ಕೆಲವು ಇಂದು ಸರಿಸುಮಾರು ಒಂದು ಹೊಸ ಲ್ಯಾಂಡ್ ಕ್ರೂಸರ್‌ನ ಬೆಲೆಗೆ ದೊರೆಯುತ್ತವೆ. ಕೊಲ್ಲಿಯಲ್ಲಿ ಹತ್ತು ವರ್ಷ ದುಡಿದು ನಾಲ್ಕು ಕಾಸು ಕೂಡಿಟ್ಟಿರುವ ನಮ್ಮ ಕರಾವಳಿಯ ಯುವಕನೊಬ್ಬ ಇದನ್ನು ಕಂಡು, ಕನಸು ಕೈಗೆಟುಕಿತೆಂದು ಭಾವಿಸಿದರೆ ಅಚ್ಚರಿಪಡಬೇಕಾಗಿಲ್ಲ. ಆದರೆ ಅವನ ಕೈಗೆ ಎಟುಕಿದ್ದು ಕಾರೇ ಅಥವಾ ಅದರ ಬೀಗದ ಕೈ ಮಾತ್ರವೇ? ಹಣ ಎಣಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಸುಂದರವಾದ ಯಂತ್ರವೊಂದನ್ನು ಮೆಚ್ಚುವುದು ತಪ್ಪೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಟ್ರ್ಯಾಕ್ಟರ್ ತಯಾರಿಸುತ್ತಿದ್ದ ಫೆರುಚ್ಚೊ ಲ್ಯಾಂಬೋರ್ಗಿನಿ 1963ರಲ್ಲಿ ಇಟಲಿಯ ಸಾಂತಾಗಾತ ಬೊಲೊನ್ಯೇಸೆ ಎಂಬ ಸಣ್ಣ ಊರಿನಲ್ಲಿ ಕಾರಿನ ಕಂಪೆನಿ ಕಟ್ಟಿದ. ಆ ಸಾಧನೆಯನ್ನು ಕೀಳಾಗಿ ಕಾಣುವ ಅಗತ್ಯ ಯಾರಿಗೂ ಇಲ್ಲ. ಪರಿಶೀಲಿಸಬೇಕಾದದ್ದು ಒಂದು ಲೆಕ್ಕಾಚಾರವನ್ನು. ಇಂತಹ ಕಾರು ಹಳತಾದಂತೆ ಅದರ ಮಾರಾಟ ಬೆಲೆ ಇಳಿಯುತ್ತದೆ. ಅದನ್ನು ಸಾಕುವ ಖರ್ಚು ಇಳಿಯುವುದಿಲ್ಲ. ಕೊಳ್ಳುವವನು ಹಳೆಯ ಕಾರಿನ ಬೆಲೆ ತೆರುತ್ತಾನೆ. ದುರಸ್ತಿಯ ದಿನ ಅವನ ಮುಂದೆ ಬರುವ ಪಟ್ಟಿ ಮಾತ್ರ ಹೊಸ ಕಾರಿನದ್ದೇ ಆಗಿರುತ್ತದೆ.

ಗಲ್ಲಾರ್ಡೊ ಸ್ಪೈಡರ್ ಎಂಬ ಮಾದರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಲ್ಯಾಂಬೋರ್ಗಿನಿ ಕಂಪೆನಿಯು 1998ರಲ್ಲಿ ಜರ್ಮನಿಯ ಆಡಿಯ ತೆಕ್ಕೆಗೆ ಸೇರಿದ ಬಳಿಕ ರೂಪುಗೊಂಡ ಗಲ್ಲಾರ್ಡೊ 2003ರಿಂದ 2013ರ ತನಕ ತಯಾರಾಯಿತು. ಒಟ್ಟು 14,022 ಕಾರುಗಳು ಹೊರಬಂದವು. ಛಾವಣಿ ತೆರೆಯಬಹುದಾದ ಸ್ಪೈಡರ್ 2006ರಲ್ಲಿ ಲಾಸ್ ಏಂಜಲೀಸ್ ಪ್ರದರ್ಶನದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. 5 ಲೀಟರಿನ, 10 ಸಿಲಿಂಡರಿನ, 520 ಅಶ್ವಶಕ್ತಿಯ ಎಂಜಿನು ಚಾಲಕನ ಬೆನ್ನ ಹಿಂದೆಯೇ ಗರ್ಜಿಸುತ್ತದೆ. ಅಮೆರಿಕದಲ್ಲಿ ಅಂದಿನ ಬೆಲೆ ಎರಡು ಲಕ್ಷ ಡಾಲರಿನ ಆಸುಪಾಸಿನಲ್ಲಿತ್ತು. ತಯಾರಿಕೆಯೇ 2013ರಲ್ಲಿ ನಿಂತಿರುವುದರಿಂದ ಈಗ ಸಿಗುವ ಅತ್ಯಂತ ಎಳೆಯ ಗಲ್ಲಾರ್ಡೊಗೂ ಹನ್ನೆರಡು ವರ್ಷ ದಾಟಿದೆ. ಅಷ್ಟು ವರ್ಷ ಓಡಿದ ಆಲ್ಟೊ ಕಾರನ್ನು ಕೊಳ್ಳುವಾಗಲೂ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದೊಯ್ಯುವ ನಾವು, ಇಲ್ಲಿ ಮಾತ್ರ ಬಣ್ಣ ನೋಡಿ ಮುಂಗಡ ಕೊಟ್ಟುಬಿಡುವುದು ಯಾವ ವಿವೇಕ?

ಇಂತಹ ಕಾರುಗಳ ಪೈಕಿ ಕಡಿಮೆ ಬೆಲೆಗೆ ಸಿಗುವುದು ಯಾವುದು, ಏಕೆ ಎಂಬುದನ್ನು ಮೊದಲು ತಿಳಿಯಬೇಕು. ಗಲ್ಲಾರ್ಡೊ ಎರಡು ಬಗೆಯ ಗೇರಿನಲ್ಲಿ ಬರುತ್ತಿತ್ತು. ಒಂದು, ಕಾಲಿನಿಂದ ಕ್ಲಚ್ ಒತ್ತಿ ಕೈಯಿಂದ ಬದಲಿಸುವ ಹಳೆಯ ಪದ್ಧತಿ. ಮತ್ತೊಂದು, ಸ್ಟಿಯರಿಂಗಿನ ಹಿಂದಿನ ಸನ್ನೆಗಳಿಂದ ಬದಲಿಸುವ ‘ಇ-ಗೇರ್’ ವ್ಯವಸ್ಥೆ. ಕೈಯ ಗೇರಿನ ಕಾರುಗಳು ವಿರಳ. ಹಾಗಾಗಿ ಸಂಗ್ರಾಹಕರು ಅವುಗಳಿಗೆ ಬಹಳ ಹೆಚ್ಚು ಬೆಲೆ ತೆರುತ್ತಾರೆ. ಸಾಮಾನ್ಯ ಗಿರಾಕಿಗೆ ದಕ್ಕುವುದು ಇ-ಗೇರ್ ಕಾರೇ. ಅದು ನೋಡಲು ಆಟೊಮ್ಯಾಟಿಕ್‌ನಂತಿದ್ದರೂ ಒಳಗಿರುವುದು ಸಾಮಾನ್ಯ ಒಂಟಿ ಕ್ಲಚ್ಚು. ಪಾದದ ಬದಲು ಹೈಡ್ರಾಲಿಕ್ ಯಂತ್ರವೊಂದು ಅದನ್ನು ಒತ್ತುತ್ತದೆ, ಅಷ್ಟೆ. ದುಬೈ–ಶಾರ್ಜಾ ರಸ್ತೆಯ ಸಂಜೆಯ ದಟ್ಟಣೆಯಲ್ಲಿ ಇಂಚಿಂಚು ಸಾಗುವಾಗ ಈ ಕ್ಲಚ್ಚು ಬೇಗ ಸವೆದುಹೋಗುತ್ತದೆ. ಅದನ್ನು ಬದಲಿಸುವ ಖರ್ಚು ಸಾಧಾರಣ ನೌಕರನ ಹಲವು ತಿಂಗಳ ಸಂಬಳವನ್ನು ನುಂಗಬಲ್ಲದು. ಎಷ್ಟು ಸವೆದಿದೆಯೆಂದು ಕಾರಿನ ಕಂಪ್ಯೂಟರಿಗೆ ಉಪಕರಣ ಜೋಡಿಸಿ ಓದಿ ನೋಡುವ ಸೌಲಭ್ಯವಿದೆ. ಆ ಅಂಕಿಯನ್ನು ತೋರಿಸಲು ಹಿಂಜರಿಯುವ ಮಾರಾಟಗಾರನಿಂದ ದೂರ ಉಳಿಯುವುದೇ ಲೇಸು.

ಇನ್ನು ಛಾವಣಿ. ತೆರೆದ ಕಾರಿನ ಆಕರ್ಷಣೆಯೆಲ್ಲ ಅದರಲ್ಲೇ ಅಡಗಿದೆ, ಅದರ ತೊಂದರೆಯೂ ಹಾಗೆಯೇ. ಸ್ಪೈಡರಿನ ಬಟ್ಟೆಯ ಛಾವಣಿಯನ್ನು ವಿದ್ಯುತ್ ಮತ್ತು ಹೈಡ್ರಾಲಿಕ್ ಎಣ್ಣೆಯ ಒತ್ತಡದಿಂದ ಮಡಚಲಾಗುತ್ತದೆ. ಎಂಜಿನಿನ ದೊಡ್ಡ ಮುಚ್ಚಳ ಹಿಂದಕ್ಕೆ ಎದ್ದು ನಿಂತು, ಛಾವಣಿ ಅದರಡಿಗೆ ಸರಿದು, ಮುಚ್ಚಳ ಮತ್ತೆ ಕೂರಬೇಕು. ಸುಮಾರು 20 ಸೆಕೆಂಡಿನ ಈ ಕಸರತ್ತಿನಲ್ಲಿ ಒಂದು ಸಂವೇದಕ ಕೈಕೊಟ್ಟರೂ ಛಾವಣಿ ನಡುದಾರಿಯಲ್ಲೇ ನಿಂತುಬಿಡುತ್ತದೆ. ವರ್ಷಗಟ್ಟಲೆ ಎಂಜಿನಿನ ಶಾಖ ಮತ್ತು ಮರುಭೂಮಿಯ ಬಿಸಿಲುಂಡ ರಬ್ಬರು, ಎಣ್ಣೆಯ ಕೊಳವೆ, ಬಟ್ಟೆ ಮತ್ತು ಹಿಂಬದಿಯ ಗಾಜಿನ ಅಂಚುಗಳು ಬಿಗಿ ಕಳೆದುಕೊಳ್ಳುತ್ತವೆ. ಆ ಕಾಲದ ಫೆರಾರಿಗಳಲ್ಲಂತೂ ಒಳಗಿನ ಗುಂಡಿಗಳ ಮೇಲಿನ ಲೇಪ ಕರಗಿ ಬೆರಳಿಗೆ ಅಂಟಿಕೊಳ್ಳುವುದು ಪ್ರಸಿದ್ಧ ದೂರು. ಇಷ್ಟೆಲ್ಲ ಕಷ್ಟಪಟ್ಟು ಪಡೆದ ಛಾವಣಿಯನ್ನು ತೆರೆಯಲು ಹಿತವಾದ ಹವೆ ದುಬೈಯಲ್ಲಿರುವುದಾದರೂ ವರ್ಷದ ಕೆಲವೇ ತಿಂಗಳು. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಸೆಖೆಗೆ ತಲೆಯೊಡ್ಡಿ ಯಾರು ತಾನೇ ಓಡಾಡುತ್ತಾರೆ?

ಕಾರು ಎಲ್ಲಿಂದ ಬಂತೆಂಬ ಪ್ರಶ್ನೆಯೂ ಮುಖ್ಯವಾದುದೇ. ಕೊಲ್ಲಿ ದೇಶಗಳಿಗೆಂದೇ ತಯಾರಾದ ಕಾರನ್ನು ಅಲ್ಲಿಯವರು ‘ಜಿಸಿಸಿ ಕಾರು’ ಎಂದು ಕರೆದು ಅದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಅದಕ್ಕಿಂತ ಅಗ್ಗಕ್ಕೆ ಸಿಗುವುದು ಅಮೆರಿಕದಿಂದ ಬಂದವು. ಅವುಗಳಲ್ಲಿ ಕೆಲವು ಅಪಘಾತಕ್ಕೀಡಾಗಿ ವಿಮಾ ಕಂಪೆನಿಯಿಂದ ‘ಪೂರ್ಣ ನಷ್ಟ’ ಎಂದು ಘೋಷಿಸಲ್ಪಟ್ಟು, ಹರಾಜಿನಲ್ಲಿ ಮಾರಾಟವಾಗಿ, ಹಡಗೇರಿ ಬಂದು, ಇಲ್ಲಿ ಬಣ್ಣ ಬಳಿಸಿಕೊಂಡು ನಿಂತಿರುತ್ತವೆ. ಗಲ್ಲಾರ್ಡೊದ ಒಡಲು ಅಲ್ಯೂಮಿನಿಯಮ್ಮಿನದು. ಡೊಂಕಾದ ಕಬ್ಬಿಣವನ್ನು ಬಡಿದು ನೆಟ್ಟಗೆ ಮಾಡುವಂತೆ ಅದನ್ನು ಬೀದಿಬದಿಯ ಗ್ಯಾರೇಜಿನಲ್ಲಿ ಸರಿಪಡಿಸಲಾಗದು. ಗಟ್ಟಿ ಮಾಡು ಇಲ್ಲದ ಕಾರಿನಲ್ಲಿ ಬಲವೆಲ್ಲ ತಳದ ಚೌಕಟ್ಟಿನಲ್ಲೇ ಇರುವುದರಿಂದ ಅಲ್ಲಿಯ ಡೊಂಕು ಇನ್ನಷ್ಟು ಅಪಾಯಕಾರಿ. ಇದಲ್ಲದೆ 2004ರಿಂದ 2006ರ ಮಾದರಿಯ 1,491 ಗಲ್ಲಾರ್ಡೊಗಳನ್ನು 2012ರಲ್ಲಿ ಅಮೆರಿಕದಲ್ಲಿ ಕಂಪೆನಿಯೇ ಹಿಂದಕ್ಕೆ ಕರೆಸಿತ್ತು. ಪವರ್ ಸ್ಟಿಯರಿಂಗಿನ ಎಣ್ಣೆ ಸೋರಿ ಬೆಂಕಿ ಹೊತ್ತಿಕೊಳ್ಳುವ ಸಾಧ್ಯತೆ ಅದಕ್ಕೆ ಕಾರಣವಾಗಿತ್ತು. ಕೊಳ್ಳಲಿರುವ ಕಾರಿನಲ್ಲಿ ಆ ದುರಸ್ತಿ ನಡೆದಿದೆಯೇ? 17 ಅಕ್ಷರ–ಅಂಕಿಗಳ ಚಾಸಿ ಸಂಖ್ಯೆಯನ್ನು ಹಿಡಿದು ವಿಚಾರಿಸಿದರೆ ಇದರ ಜೊತೆಗೆ ಹಳೆಯ ಅಪಘಾತದ ಚರಿತ್ರೆಯೂ ಬಹುಮಟ್ಟಿಗೆ ಹೊರಬೀಳುತ್ತದೆ. ಅದಕ್ಕೆ ತಗಲುವ ಖರ್ಚು ಒಂದು ಹೊತ್ತಿನ ಊಟದಷ್ಟು. ಹಾಗಿದ್ದೂ ಅದನ್ನು ಮಾಡದೆ ಲಕ್ಷಗಟ್ಟಲೆ ದಿರ್ಹಮ್ ಸುರಿಯುವವರಿದ್ದಾರೆ. ಇದೇ ವ್ಯಾಪಾರದಲ್ಲಿರುವ ನಮ್ಮವರಿಗೂ ಒಂದು ಮಾತು ಹೇಳಬೇಕಾಗಿದೆ. ಮಾಲಿನ ದೋಷವನ್ನು ಮರೆಮಾಚಿ ಮಾರುವುದು ಧರ್ಮಸಮ್ಮತವಲ್ಲವೆಂಬುದು ಕಿರಾಣಿ ಅಂಗಡಿಗೆ ಮಾತ್ರ ಸೀಮಿತವಾದ ನಿಯಮವಲ್ಲ.

ಇಷ್ಟಾದರೂ ಕೈಯಲ್ಲಿ ಹಣವಿರುವವನು ಕೊಂಡರೆ ಅದು ಅವನ ಸ್ವಂತ ವಿಚಾರ. ಆತಂಕವಿರುವುದು ಸಾಲ ಮಾಡಿ ಕೊಳ್ಳುವವನ ಕುರಿತು. ಸಂಯುಕ್ತ ಅರಬ್ ಸಂಸ್ಥಾನದ ಕೇಂದ್ರ ಬ್ಯಾಂಕು 2011ರಲ್ಲಿ ನಿಯಮವೊಂದನ್ನು ತಂದು, ಕಾರಿನ ಬೆಲೆಯ ಶೇ. 80ಕ್ಕಿಂತ ಹೆಚ್ಚು ಸಾಲ ಕೊಡಕೂಡದು, 60 ತಿಂಗಳಲ್ಲಿ ಅದು ತೀರಬೇಕು, ಎಲ್ಲ ಕಂತುಗಳೂ ಸೇರಿ ಸಂಬಳದ ಅರ್ಧವನ್ನು ಮೀರಬಾರದು ಎಂದು ವಿಧಿಸಿತು. ಹನ್ನೆರಡು, ಹದಿನೈದು ವರ್ಷ ಹಳೆಯ ಕಾರಿಗೆ ಬ್ಯಾಂಕುಗಳು ವಾಹನ ಸಾಲವನ್ನು ಸುಲಭವಾಗಿ ಕೊಡುವುದಿಲ್ಲ. ಆಗ ಮನುಷ್ಯ ವೈಯಕ್ತಿಕ ಸಾಲದ ಬಾಗಿಲು ತಟ್ಟುತ್ತಾನೆ. ಅದೇ ನಿಯಮದಡಿ ಸಂಬಳದ 20 ಪಟ್ಟು ಸಾಲ ಸಿಗಬಹುದು, 48 ತಿಂಗಳಲ್ಲಿ ತೀರಿಸಬೇಕು. ಬಡ್ಡಿಯ ವಿಚಾರದಲ್ಲಿ ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾದದ್ದೇನೂ ಇಲ್ಲ. ಬರಿಯ ಲೌಕಿಕ ದೃಷ್ಟಿಯಿಂದ ನೋಡಿದರೂ ಚಿತ್ರ ಭಯಾನಕವಾಗಿದೆ. ಸಂಬಳದ ಅರ್ಧ ಕಂತಿಗೆ ಹೋಯಿತು. ಉಳಿದರ್ಧದಲ್ಲಿ ಬಾಡಿಗೆ, ವಿಮೆ, ಪೆಟ್ರೋಲು, ಊರಿನ ಮನೆಯ ಖರ್ಚು. ಇದರ ನಡುವೆ ಕ್ಲಚ್ಚು ಹೋದರೆ ಕಾರು ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ. ನಿಂತ ಕಾರಿಗೆ ಗಿರಾಕಿಯೂ ಸಿಗುವುದಿಲ್ಲ. 2022ರ ಜನವರಿಯಿಂದ ಅಲ್ಲಿ ಹಣವಿಲ್ಲದೆ ಮರಳಿದ ಚೆಕ್ಕನ್ನು ಸಾಮಾನ್ಯವಾಗಿ ಅಪರಾಧವೆಂದು ಪರಿಗಣಿಸುವುದಿಲ್ಲ ಎಂಬುದು ನಿಜ. ಆದರೆ ಅಂತಹ ಚೆಕ್ಕನ್ನು ಹಿಡಿದು ನೇರವಾಗಿ ನ್ಯಾಯಾಲಯದ ಮೂಲಕ ವಸೂಲಿಗೆ ಇಳಿಯುವ ದಾರಿ ತೆರೆದೇ ಇದೆ. ಸಾಲಗಾರ ದೇಶ ಬಿಡದಂತೆ ಪ್ರಯಾಣ ನಿಷೇಧವನ್ನೂ ತರಬಹುದು. ತಂದೆಯ ಅನಾರೋಗ್ಯದ ಸುದ್ದಿ ಬಂದಾಗ ವಿಮಾನ ನಿಲ್ದಾಣದಿಂದ ಹಿಂದಿರುಗಬೇಕಾಗಿ ಬಂದರೆ ಆ ನೋವಿಗೆ ಯಾವ ಕಾರು ಪರಿಹಾರವಾದೀತು?

ಕೆಲವರ ಮನಸ್ಸಿನಲ್ಲಿ ಮತ್ತೊಂದು ಲೆಕ್ಕವಿರುತ್ತದೆ. ‘ನಾಲ್ಕು ವರ್ಷ ಇಲ್ಲಿ ಓಡಿಸಿ, ಬಳಿಕ ಊರಿಗೆ ಕೊಂಡೊಯ್ಯುತ್ತೇನೆ’ ಎಂಬುದು. ಇದು ಆಗದ ಮಾತು. ಬಳಸಿದ ವಾಹನವನ್ನು ಭಾರತಕ್ಕೆ ಆಮದು ಮಾಡಲು ಅದು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು, ಮುಂಬೈ ಬಂದರಿನ ಮೂಲಕವೇ ಬರಬೇಕು ಎಂಬ ನಿಯಮಗಳಿವೆ. ದುಬೈಯ ಕಾರುಗಳ ಸ್ಟಿಯರಿಂಗ್ ಎಡಗಡೆಯದು. ಪ್ರವಾಸದ ನೆಪದಲ್ಲಿ ‘ಕಾರ್ನೆ’ ಎಂಬ ತಾತ್ಕಾಲಿಕ ರಹದಾರಿಯಲ್ಲಿ ತಂದರೆ ಆರು ತಿಂಗಳೊಳಗೆ ಮರಳಿ ಒಯ್ಯಬೇಕು. ಒಯ್ಯದಿದ್ದರೆ ಕಸ್ಟಮ್ಸ್ ಮೊಕದ್ದಮೆ ಕಾದಿರುತ್ತದೆ.

ಭಾರತದಲ್ಲೇ ನೋಂದಣಿಯಾದ ಹಳೆಯ ಕಾರನ್ನು ಹೊರರಾಜ್ಯದಿಂದ ಅಗ್ಗಕ್ಕೆ ತಂದರಾಯಿತಲ್ಲ ಎಂದುಕೊಳ್ಳುವವರೂ ಉಂಟು. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಶೇ. 18ರ ಜೀವಿತಾವಧಿ ತೆರಿಗೆ, ಅದರ ಮೇಲೆ ಉಪಕರ ಇದೆ. ಅದನ್ನು ತಪ್ಪಿಸಲು ಪುದುಚೇರಿಯಂತಹ ಕಡೆ ನೋಂದಾಯಿಸಿದ ಐಷಾರಾಮಿ ಕಾರುಗಳ ಮೇಲೆ ಸಾರಿಗೆ ಇಲಾಖೆಯ ಕಣ್ಣು ಬಿದ್ದು ವರ್ಷಗಳಾದವು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇಂತಹ 30 ಕಾರುಗಳನ್ನು ವಶಪಡಿಸಿಕೊಳ್ಳಲಾಯಿತು. ಅದೇ ವರ್ಷದ ಜುಲೈಯಲ್ಲಿ ಮಹಾರಾಷ್ಟ್ರದ ನೋಂದಣಿಯಿದ್ದ ಒಂದೇ ಒಂದು ಫೆರಾರಿಗೆ ಸುಮಾರು 1.41 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡರು. ಅಷ್ಟೆಲ್ಲ ತೆತ್ತು ಮಂಗಳೂರಿಗೋ ಭಟ್ಕಳಕ್ಕೋ ತಂದರೆ, ಮಳೆಗಾಲದಲ್ಲಿ ಬಟ್ಟೆಯ ಛಾವಣಿಗೆ ಪಾಚಿ ಹಿಡಿಯುತ್ತದೆ, ರಸ್ತೆಯುಬ್ಬುಗಳು ಅದರ ಹೊಟ್ಟೆಯನ್ನು ಸೀಳುತ್ತವೆ. ದುರಸ್ತಿಗೆ ಲಾರಿಯ ಮೇಲೆ ಹೇರಿ ಘಟ್ಟ ಹತ್ತಿಸಬೇಕು.

ಹಾಗಾದರೆ ಬುದ್ಧಿವಂತರೂ ಏಕೆ ಇದಕ್ಕೆ ಬಲಿಯಾಗುತ್ತಾರೆ? ಇದಕ್ಕೆ ಉತ್ತರ ಯುವಕರಲ್ಲಿ ಮಾತ್ರ ಹುಡುಕಿದರೆ ಸಾಲದು. ಮದುವೆ ಮಂಟಪದ ಬಾಗಿಲಲ್ಲಿ ಬೈಕಿನಿಂದಿಳಿದ ಅಧ್ಯಾಪಕನಿಗೂ, ಬೆಲೆಬಾಳುವ ಕಾರಿನಿಂದಿಳಿದ ಅಪರಿಚಿತನಿಗೂ ನಾವು ನೀಡುವ ಸ್ವಾಗತ ಒಂದೇ ತೆರನಾಗಿದೆಯೇ? ಸಂಬಂಧ ಕುದುರಿಸುವಾಗ ಹುಡುಗನ ಗುಣಕ್ಕಿಂತ ಮೊದಲು ಅಂಗಳದಲ್ಲಿ ನಿಂತ ವಾಹನವನ್ನು ನೋಡುವವರು ಯಾರು? ಕೊಲ್ಲಿಯಲ್ಲಿರುವ ಮಗ ಒಂದು ದಿನಕ್ಕೆ ಬಾಡಿಗೆಗೆ ತಂದ ಕಾರಿಗೆ ಒರಗಿ ತೆಗೆಸಿಕೊಂಡ ಭಾವಚಿತ್ರವನ್ನು ನೆರೆಹೊರೆಗೆಲ್ಲ ತೋರಿಸಿ ಬೀಗುವವರು ನಾವೇ ಅಲ್ಲವೇ? ಛಾವಣಿಯಿಲ್ಲದ ಕಾರು ಒಳಗಿರುವವನನ್ನು ಹೊರಗಿನವರಿಗೆ ತೋರಿಸುತ್ತದೆ. ನೋಡುವವರೇ ಇಲ್ಲದ ಊರಿನಲ್ಲಿ ಅದಕ್ಕಾಗಿ ಸಾಲ ಮಾಡುವವರು ಎಷ್ಟು ಮಂದಿ ಉಳಿದಾರು? ಅವನು ಕಟ್ಟುವ ಕಂತಿನಲ್ಲಿ ಒಂದು ಪಾಲು ನಮ್ಮ ಕಣ್ಣುಗಳಿಗಾಗಿ ಕಟ್ಟುವ ಕಂತು ಎಂಬುದನ್ನು ಹಿರಿಯರು ಮರೆಯುವಂತಿಲ್ಲ.

ಯಂತ್ರದ ಮೇಲಿನ ನಿಜವಾದ ಪ್ರೀತಿಯಿಂದಲೇ ಕೊಳ್ಳುವವನಿಗೆ ದಾರಿಯೇ ಇಲ್ಲವೆಂದಲ್ಲ. ಪೂರ್ತಿ ಹಣ ಕೈಯಲ್ಲಿರಲಿ. ಕೊಂಡ ಮೇಲೂ ದುರಸ್ತಿಗೆಂದು ಬೆಲೆಯ ಮೂರನೆಯ ಒಂದು ಪಾಲಾದರೂ ಬೇರೆಯಾಗಿ ಉಳಿದಿರಲಿ. ಮೊದಲ ದಿನದಿಂದ ಇಂದಿನವರೆಗಿನ ಸರ್ವಿಸ್ ದಾಖಲೆಗಳಿಲ್ಲದ ಕಾರನ್ನು ಮುಟ್ಟದಿರಲಿ. ಮಾರಾಟಗಾರನಿಗೆ ಸಂಬಂಧವಿಲ್ಲದ ತಜ್ಞರಿಂದ ಕಾರನ್ನು ಎತ್ತಿಸಿ, ತಳ ನೋಡಿಸಿ, ಕ್ಲಚ್ಚಿನ ಸವೆತ ಓದಿಸಲಿ. ಎಂಜಿನು ತಣ್ಣಗಿರುವಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ ಚಾಲೂ ಮಾಡಿಸಲಿ. ಛಾವಣಿಯನ್ನು ಹಲವು ಬಾರಿ ತೆರೆದು ಮುಚ್ಚಿಸಲಿ. ಟಯರಿನ ಅಂಚಿನಲ್ಲಿ ಅಚ್ಚೊತ್ತಿದ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ; ಅದನ್ನೂ ಓದಲಿ. ಇಷ್ಟನ್ನು ಮಾಡುವ ತಾಳ್ಮೆ ಮತ್ತು ತಾಕತ್ತು ಎರಡೂ ಇರುವವನಿಗೆ ಕಾರು ಸಂತೋಷ ನೀಡೀತು.

ಉಳಿದವರಿಗೆ ಹಿರಿಯರ ಒಂದೇ ಮಾತು ಸಾಕು: ಹಾಸಿಗೆ ಇದ್ದಷ್ಟು ಕಾಲು ಚಾಚು. ಕೊಲ್ಲಿಯ ಸಂಬಳ ಶಾಶ್ವತವಲ್ಲ. ಅದೇ ಹಣದಿಂದ ತಮ್ಮನ ಎಂಜಿನಿಯರಿಂಗ್ ಓದು ಮುಗಿಯಬಹುದು, ಊರಿನಲ್ಲಿ ಮರಳಿ ಬದುಕಲು ಸಣ್ಣದೊಂದು ಉದ್ಯಮ ತಲೆಯೆತ್ತಬಹುದು, ತಾಯಿಯ ವೃದ್ಧಾಪ್ಯ ನೆಮ್ಮದಿಯಿಂದ ಕಳೆಯಬಹುದು. ಇವುಗಳನ್ನು ಯಾರೂ ತಿರುಗಿ ನೋಡಲಾರರು, ಭಾವಚಿತ್ರ ತೆಗೆಯಲಾರರು. ಹಾಗೆ ಸದ್ದಿಲ್ಲದೆ ಮನೆ ನಿಲ್ಲಿಸಿದವನನ್ನು ಗುರುತಿಸಿ ಗೌರವಿಸುವ ಕಣ್ಣನ್ನು ಮೊದಲು ನಾವು ಬೆಳೆಸಿಕೊಳ್ಳಬೇಕು. ಆಗ ಕಾರಿನ ವ್ಯಾಪಾರಿಯ ಮುಂದೆ ನಿಂತ ನಮ್ಮ ಮಕ್ಕಳಿಗೆ ಇಲ್ಲವೆಂದು ಹೇಳುವ ಧೈರ್ಯ ತಾನಾಗಿಯೇ ಬರುತ್ತದೆ.