ಅನ್‌ಲಿಮಿಟೆಡ್ ಅಂದ್ರೆ ಎಷ್ಟು ಸ್ವಾಮಿ?

ಶಿವಮೊಗ್ಗ ಬಸ್‌ಸ್ಟ್ಯಾಂಡಿನಿಂದ ಭದ್ರಾವತಿವರೆಗೆ ರೀಚಾರ್ಜ್ ಅಂಗಡಿಗಳ ಮುಂದೆ ‘ಅನ್‌ಲಿಮಿಟೆಡ್’ ಬೋರ್ಡು. ಹತ್ತಿರ ಹೋಗಿ ಓದಿದರೆ ದಿನಕ್ಕೆ ಒಂದೂವರೆ ಜಿಬಿ, ಇಲ್ಲವೇ ಎರಡು ಜಿಬಿ.

ಅದು ಮುಗಿದರೂ ನೆಟ್ ಕಟ್ ಆಗಲ್ಲ, ಸ್ಪೀಡ್ ಇಳಿಯುತ್ತೆ ಅಷ್ಟೇ ಅಂತಾರೆ. ಎಷ್ಟಕ್ಕೆ? ಹೆಚ್ಚಿನ ಕಂಪನಿಗಳಲ್ಲಿ 64 ಕೆಬಿಪಿಎಸ್‌ಗೆ. ಲೆಕ್ಕ ಹಾಕಿ: ಒಂದು ಎಂಬಿ ಇಳಿಯಲು ಎರಡು ನಿಮಿಷ. ಮಗಳ ಪಾಠದ 50 ಎಂಬಿ ವಿಡಿಯೊಗೆ ಹೆಚ್ಚೂಕಡಿಮೆ ಒಂದೂಮುಕ್ಕಾಲು ಗಂಟೆ! 2 ಎಂಬಿಪಿಎಸ್‌ಗಿಂತ ಕಡಿಮೆ ಇದ್ದರೆ ಬ್ರಾಡ್‌ಬ್ಯಾಂಡೇ ಅಲ್ಲ ಎಂದು 2023ರಲ್ಲಿ ಸರ್ಕಾರವೇ ಹೇಳಿದೆ. ನಮಗೆ ಸಿಗುವುದು ಅದರ ಮೂವತ್ತರಲ್ಲಿ ಒಂದು ಪಾಲು.

ಕೆಲವರೇ ಎಲ್ಲ ಎಳೆದರೆ ಟವರಿಗೆ ಹೊರೆ ಅನ್ನುವ ಮಾತಿದೆ. ಸುಳ್ಳಲ್ಲ. ಆದರೆ ಊರೆಲ್ಲ ಮಲಗಿದ ರಾತ್ರಿ ಹನ್ನೊಂದಕ್ಕೂ ಅದೇ 64 ಯಾಕೆ? ಡೇಟಾ ಪ್ಯಾಕ್ ಹಾಕಿಸಿದ ಕ್ಷಣ ಅದೇ ಟವರಿನಿಂದ ಸ್ಪೀಡ್ ಬರುತ್ತಲ್ಲ, ಆಗ ಹೊರೆ ಎಲ್ಲಿ ಹೋಯ್ತು?

ಜಿಯೋ, ಏರ್‌ಟೆಲ್‌ನ ಅನ್‌ಲಿಮಿಟೆಡ್ 5ಜಿಯನ್ನೂ 2024ರ ಜುಲೈ ದರ ಏರಿಕೆಯಲ್ಲಿ ದಿನಕ್ಕೆ 2 ಜಿಬಿ ಮತ್ತು ಮೇಲಿನ ಪ್ಲಾನಿನವರಿಗೆ ಸೀಮಿತ ಮಾಡಿದರು. ಅದೂ 5ಜಿ ಸಿಗ್ನಲ್ ಇದ್ದಲ್ಲಿ ಮಾತ್ರ. ಬಸ್ಸು ಹಳ್ಳಿ ಕಡೆ ತಿರುಗಿ ಫೋನು 4ಜಿಗೆ ಬಂತೋ, ಮೀಟರ್ ಓಡಲು ಶುರು.

ಮನೆಗೆ ವೈರ್ ಎಳೆಸಿದವರಿಗೆ ಮಿತಿ ಮುಗಿದ ಮೇಲೂ 512 ಕೆಬಿಪಿಎಸ್‌ಗಿಂತ ಇಳಿಸಬೇಡಿ ಎಂದು ಟ್ರಾಯ್ 2016ರಲ್ಲೇ ಕಂಪನಿಗಳಿಗೆ ಸೂಚಿಸಿತ್ತು. ಮೊಬೈಲೊಂದನ್ನೇ ನಂಬಿದ ನಮಗೂ ಟ್ರಾಯ್ ಅಂಥದ್ದೊಂದು ತಳಮಟ್ಟ ಗೊತ್ತು ಮಾಡಲಿ. ಆಗಲ್ಲ ಅನ್ನುವುದಾದರೆ, ಬೋರ್ಡಿನಿಂದ ಆ ಪದ ಅಳಿಸಲಿ.